ಕ್ಯಾಂಪರ್‌ವ್ಯಾನ್‌ನಲ್ಲಿ ನ್ಯೂಜಿಲೆಂಡ್: ರಾತ್ರಿಗಿಂತ ಹಗಲಿಗೇ ಹೆದರಿ

ಪ್ರಶ್ನೆ: ನಾವು ಮೈಸೂರಿನವರು. ಏಪ್ರಿಲ್ ರಜೆಯಲ್ಲಿ ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪವನ್ನು ಬಾಡಿಗೆ ಕ್ಯಾಂಪರ್‌ವ್ಯಾನ್‌ನಲ್ಲಿ ಸುತ್ತಬೇಕು ಅಂತಿದ್ದೇವೆ. ನಾನು, ಹೆಂಡತಿ, 9 ಮತ್ತು 5 ವರ್ಷದ ಮಕ್ಕಳು, ಜೊತೆಗೆ ಅಪ್ಪ, ಅಮ್ಮ. ಅಪ್ಪ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೋತಾರೆ. ಒಟ್ಟು 8 ದಿನ. ಬೆಳಿಗ್ಗೆ 10ಕ್ಕೆ ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿದು, ವ್ಯಾನ್ ತಗೊಂಡು ಅಂದೇ ಟೆಕಾಪೋ. ಮರುದಿನ ಮೌಂಟ್ ಕುಕ್ ನೋಡಿಕೊಂಡು ಕ್ವೀನ್ಸ್‌ಟೌನ್. ಅಲ್ಲಿಂದ ಒಂದೇ ದಿನದಲ್ಲಿ ಮಿಲ್ಫೋರ್ಡ್ ಸೌಂಡ್ ಹೋಗಿಬರುವುದು. ನಂತರ ವಾನಕ, ಫ್ರಾಂಜ್ ಜೋಸೆಫ್, ಆರ್ಥರ್ಸ್ ಪಾಸ್ ಮೂಲಕ ವಾಪಸ್. ಕಾಡು-ಕೆರೆ ಪಕ್ಕ ವ್ಯಾನ್‌ನಲ್ಲಿ ಮಲಗಿದರೆ ಕಳ್ಳರು, ಪ್ರಾಣಿಗಳು ಬಂದಾರೆಂದು ಅಮ್ಮನಿಗೆ ಭಯ. ಸುರಕ್ಷಿತವಾಗಿ ಹೋಗಿಬರಲು ಏನೇನು ನೋಡಿಕೊಳ್ಳಬೇಕು? ಲೈಸೆನ್ಸ್ ಯಾವುದು ಬೇಕು? ವ್ಯಾನ್‌ನಲ್ಲಿ ನಮ್ಮ ಅಡುಗೆ ಮಾಡಬಹುದಾ? ಉಪ್ಪಿನಕಾಯಿ ತರಬಹುದಾ?

ಉತ್ತರ: ಅಮ್ಮನ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ನ್ಯೂಜಿಲೆಂಡ್‌ನ ನೆಲದಲ್ಲಿ ಹಾವಿಲ್ಲ. ಹುಲಿ, ಚಿರತೆ, ಕರಡಿ, ಆನೆ ಯಾವುದೂ ಇಲ್ಲ. ಪಶ್ಚಿಮ ಕರಾವಳಿಯಲ್ಲಿ ಸ್ಯಾಂಡ್‌ಫ್ಲೈ ಅನ್ನುವ ಪುಟ್ಟ ನೊಣ ಕಚ್ಚುತ್ತದೆ. ಎರಡು ದಿನ ಕೆರೆದುಕೊಳ್ಳುತ್ತೀರಿ, ರೋಗವೇನೂ ಬರುವುದಿಲ್ಲ. ಬೆಟ್ಟದ ಮೇಲೆ ಕೀಆ ಎಂಬ ಗಿಳಿ ಇದೆ. ಅದು ವೈಪರಿನ ರಬ್ಬರು, ಕಿಟಕಿಯ ಅಂಚು ಎಲ್ಲವನ್ನೂ ಕಿತ್ತು ಹಾಕುತ್ತದೆ. ಆರ್ಥರ್ಸ್ ಪಾಸ್‌ನಲ್ಲಿ ನಿಲ್ಲಿಸಿದಾಗ ಮಕ್ಕಳು ಅದಕ್ಕೆ ಬಿಸ್ಕೆಟ್ ಹಾಕದಂತೆ ನೋಡಿಕೊಳ್ಳಿ, ಛಾವಣಿಯ ಕಿಂಡಿ ಮುಚ್ಚಿ. ಪ್ರಾಣಿಗಳ ವಿಷಯ ಇಷ್ಟೇ.

ಕಳ್ಳತನ ಇಲ್ಲವೇ ಇಲ್ಲ ಅನ್ನಲಾರೆ. ಆದರೆ ನಾನು ನೋಡಿದ ಮಟ್ಟಿಗೆ ಅದು ರಾತ್ರಿ ಮಲಗಿದ್ದಾಗ ಆಗುವಂಥದ್ದಲ್ಲ. ಹಗಲು ಹೊತ್ತಿನಲ್ಲಿ ಜಲಪಾತ ನೋಡಲು, ನಡಿಗೆಗೆ ಅಂತ ಎಲ್ಲರೂ ಇಳಿದು ಹೋಗುತ್ತಾರಲ್ಲ, ಆಗ ಖಾಲಿ ನಿಂತ ವ್ಯಾನ್‌ನ ಗಾಜು ಒಡೆಯುತ್ತಾರೆ. ಪಾಸ್‌ಪೋರ್ಟ್, ದುಡ್ಡು, ಅಪ್ಪನ ಔಷಧಿ ಇರುವ ಒಂದು ಚಿಕ್ಕ ಬ್ಯಾಗ್ ಯಾವಾಗಲೂ ಯಾರಾದರೊಬ್ಬರ ಹೆಗಲಲ್ಲಿರಲಿ. ಲ್ಯಾಪ್‌ಟಾಪ್, ಕ್ಯಾಮೆರಾ ಹೊರಗಿನಿಂದ ಕಾಣದ ಹಾಗೆ ಇಡಿ.

ಕ್ರೈಸ್ಟ್‌ಚರ್ಚ್‌ನಲ್ಲಿ ಬಾಡಿಗೆ ವ್ಯಾನ್‌ಗಳನ್ನು ಪ್ರವಾಸಿಗಳ ಕೈಗೆ ಕೊಡುವುದು, ಅವರು ತಂದಾಗ ತಪಾಸಣೆ ಮಾಡಿ ವಾಪಸ್ ಪಡೆಯುವುದು ನನ್ನ ಕೆಲಸ. ಹೊರಡುವಾಗ ಎಲ್ಲರೂ ಕೇಳುವುದು ರಾತ್ರಿಯ ಬಗ್ಗೆ. ವಾಪಸ್ ಬಂದಾಗ ಹೇಳುವ ಕಥೆಗಳೆಲ್ಲ ಹಗಲಿನವು. ರಸ್ತೆಯವು, ಗಾಳಿಯವು, ಅವಸರದವು. ನಿಮ್ಮ ಪತ್ರ ಓದಿದಾಗಲೂ ನನಗೆ ಚಿಂತೆ ಹತ್ತಿದ್ದು ಕೆರೆ ಪಕ್ಕದ ನಿದ್ದೆಗಲ್ಲ, ನಿಮ್ಮ ಪ್ಲ್ಯಾನಿಗೆ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಮೊದಲ ದಿನ ನೋಡಿ. ಬೆಂಗಳೂರಿನಿಂದ ಇಲ್ಲಿಗೆ ನೇರ ವಿಮಾನ ಇಲ್ಲ. ಸಿಂಗಾಪುರದಂಥ ಕಡೆ ಇಳಿದು ಹತ್ತಿ ಬರಬೇಕು. ಕೂತಲ್ಲೇ ಒಂದು ರಾತ್ರಿ ಕಳೆದಿರುತ್ತೀರಿ. ಏಪ್ರಿಲ್ ಮೊದಲ ಭಾನುವಾರ ಇಲ್ಲಿನ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಆಮೇಲೆ ನಾವು ಭಾರತಕ್ಕಿಂತ ಆರೂವರೆ ಗಂಟೆ ಮುಂದೆ. ಅಂದರೆ ನೀವು ಬೆಳಿಗ್ಗೆ 10ಕ್ಕೆ ಇಳಿದಾಗ ನಿಮ್ಮ ಮೈಗೆ ಬೆಳಗಿನ ಜಾವ ಮೂರೂವರೆ. ವ್ಯಾನ್ ಕೈಗೆ ಸಿಕ್ಕಿ, ಸಾಮಾನು ತುಂಬಿಸಿ, ಸೂಪರ್‌ಮಾರ್ಕೆಟ್ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಎರಡು. ಟೆಕಾಪೋ ಅಲ್ಲಿಂದ ಸುಮಾರು 230 ಕಿಲೋಮೀಟರ್. ಏಪ್ರಿಲ್ ನಡುವಿನಲ್ಲಿ ಸಂಜೆ ಆರಕ್ಕೆ ಸೂರ್ಯ ಮುಳುಗುತ್ತಾನೆ. ಹಿಂದೆಂದೂ ಓಡಿಸದ 7 ಮೀಟರ್ ಉದ್ದದ ಗಾಡಿ, ಕಾಣದ ರಸ್ತೆ, ನಿದ್ದೆಗಣ್ಣು, ಕತ್ತಲು. ಇದು ಬೇಡ. ಮೊದಲ ರಾತ್ರಿ ಊರಲ್ಲೇ ಹೋಟೆಲ್ ಅಥವಾ ಹಾಲಿಡೇ ಪಾರ್ಕ್‌ನಲ್ಲಿ (ದುಡ್ಡು ಕೊಟ್ಟು ವ್ಯಾನ್ ನಿಲ್ಲಿಸಿ ತಂಗುವ ಜಾಗ) ಉಳಿಯಿರಿ. ವ್ಯಾನನ್ನು ಎರಡನೇ ದಿನ ಬೆಳಿಗ್ಗೆ ತಗೊಂಡರೆ ಇನ್ನೂ ಒಳ್ಳೆಯದು, ಒಂದು ದಿನದ ಬಾಡಿಗೆಯೂ ಉಳಿಯುತ್ತದೆ.

ಮಿಲ್ಫೋರ್ಡ್ ಇನ್ನೊಂದು. ಕ್ವೀನ್ಸ್‌ಟೌನ್‌ನಿಂದ ರಸ್ತೆ ಮೂಲಕ ಅದು ಹೆಚ್ಚುಕಡಿಮೆ 290 ಕಿಲೋಮೀಟರ್, ಹೋಗಿಬಂದರೆ 580. ಕಾರಿನಲ್ಲೇ ಒಂದು ಕಡೆಗೆ ನಾಲ್ಕು ಗಂಟೆ ಹಿಡಿಯುತ್ತದೆ. ನಿಮ್ಮ ವ್ಯಾನ್‌ಗೆ ಐದು ಅನ್ನಿ. ಅದರ ನಡುವೆ ಎರಡು ಗಂಟೆಯ ದೋಣಿ ಪ್ರವಾಸ. ಬೆಳಿಗ್ಗೆ ಆರಕ್ಕೆ ಹೊರಟವರು ರಾತ್ರಿ ಒಂಬತ್ತಕ್ಕೆ ವಾಪಸ್, ಅದೂ ಎಲ್ಲ ಸರಿಹೋದರೆ. ಹಾಗೆ ಮಾಡುವ ಬದಲು ಟೆ ಅನೌ ಎಂಬ ಊರಿನಲ್ಲಿ ಎರಡು ರಾತ್ರಿ ತಂಗಿ. ಕ್ವೀನ್ಸ್‌ಟೌನ್‌ನಿಂದ ಅದು 170 ಕಿಲೋಮೀಟರ್. ವ್ಯಾನನ್ನು ಪಾರ್ಕ್‌ನಲ್ಲೇ ಬಿಟ್ಟು, ಉಳಿದ ಸುಮಾರು 120 ಕಿಲೋಮೀಟರಿಗೆ ಪ್ರವಾಸಿ ಬಸ್ಸು ಹತ್ತಿ. ಆ ರಸ್ತೆ ಹಿಮರಾಶಿ ಜಾರಿ ಬೀಳುವ ಬೆಟ್ಟಗಳ ಬುಡದಲ್ಲಿ ಸಾಗುತ್ತದೆ. ವಾಹನ ನಿಲ್ಲಿಸಬಾರದೆಂದು ಬೋರ್ಡ್ ಹಾಕಿದ ಜಾಗಗಳಿವೆ. ಹೋಮರ್ ಸುರಂಗ 1.2 ಕಿಲೋಮೀಟರ್ ಉದ್ದ, ಇಳಿಜಾರು, ಒಳಗೆ ಮಬ್ಬು. ದಾರಿಯುದ್ದಕ್ಕೂ ಮೊಬೈಲ್ ಸಿಗ್ನಲ್ ಇಲ್ಲವೆಂದೇ ಲೆಕ್ಕ ಹಾಕಿ. ಬಸ್ಸಿನಲ್ಲಿ ಹೋದರೆ ನೀವೂ ಕಿಟಕಿ ಆಚೆ ನೋಡಬಹುದು, ಅಲ್ವಾ? ಓಡಿಸುವವನಿಗೆ ಆ ರಸ್ತೆಯಲ್ಲಿ ಕಾಣುವುದು ಬರೀ ತಿರುವುಗಳು.

ಹೀಗೆ ಬದಲಿಸಿದರೆ 8 ದಿನ ಸಾಲುವುದಿಲ್ಲ. ಇನ್ನೆರಡು ದಿನ ಸೇರಿಸಿ, ಇಲ್ಲ ಪಶ್ಚಿಮ ಕರಾವಳಿ ಬಿಡಿ. ಎರಡನ್ನೂ ಹಿಡಿಯಲು ಹೋದವರೇ ಕತ್ತಲಲ್ಲಿ ಓಡಿಸುವುದು. ನನ್ನನ್ನು ಕೇಳಿದರೆ, ವಯಸ್ಸಾದವರು ಜೊತೆಗಿರುವಾಗ ದಿನಕ್ಕೆ 200 ಕಿಲೋಮೀಟರಿನ ಆಸುಪಾಸು ಸಾಕು, ಸಂಜೆ ನಾಲ್ಕಕ್ಕೆ ಗಾಡಿ ನಿಂತಿರಬೇಕು. ವಾನಕದಿಂದ ಫ್ರಾಂಜ್ ಜೋಸೆಫ್‌ಗೆ ಸುಮಾರು 285 ಇದೆ. ಅದನ್ನು ಹಾಸ್ಟ್‌ನಲ್ಲಿ ಮುರಿದು ಒಂದು ರಾತ್ರಿ ಅಲ್ಲೇ ತಂಗಿ.

ಒಂದು ದಿನ ಖಾಲಿಯಾಗಿಯೇ ಇರಲಿ. ಅದು ಸೋಮಾರಿತನಕ್ಕಲ್ಲ. ಪಶ್ಚಿಮ ಕರಾವಳಿ ಅಂದರೆ ನಮ್ಮ ಆಗುಂಬೆ ಸೀಮೆಯಂಥ ಮಳೆ. ಮಿಲ್ಫೋರ್ಡ್‌ನಲ್ಲಿ ವರ್ಷಕ್ಕೆ 6 ಮೀಟರ್ ದಾಟುತ್ತದೆ. ಆಗುಂಬೆಯಲ್ಲಿ ಮಳೆಗೊಂದು ಕಾಲ ಇದೆ, ಇಲ್ಲಿ ಯಾವ ತಿಂಗಳಲ್ಲಾದರೂ ಸುರಿಯಬಹುದು. 2019ರ ಮಾರ್ಚ್‌ನಲ್ಲಿ ಫ್ರಾಂಜ್ ಜೋಸೆಫ್ ಪಕ್ಕದ ವೈಹೋ ನದಿ ಉಕ್ಕಿ ಹೆದ್ದಾರಿಯ ಸೇತುವೆಯನ್ನೇ ಹೊತ್ತುಕೊಂಡು ಹೋಯಿತು. ಹೊಸ ಸೇತುವೆ ನಿಲ್ಲುವವರೆಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಆಚೆಯ ಫಾಕ್ಸ್ ಗ್ಲೇಸಿಯರ್‌ಗೆ ಹೋಗಲು ಬೆಟ್ಟಸಾಲನ್ನೇ ಸುತ್ತಿ ಬರಬೇಕಿತ್ತು. ಅಂಥ ಹೊತ್ತಿನಲ್ಲಿ ಮರುದಿನದ ವಿಮಾನ ತಪ್ಪೀತೆಂಬ ಗಾಬರಿಗೆ ಜನ ನೀರು ಹರಿಯುವ ರಸ್ತೆಗೆ ಗಾಡಿ ಇಳಿಸುತ್ತಾರೆ. ಖಾಲಿ ದಿನ ಇದ್ದವರು ಕ್ಯಾಂಪ್‌ನಲ್ಲೇ ಕೂತು ಕಾಫಿ ಕುಡಿಯುತ್ತಾರೆ. ಮೊಣಕಾಲಿಗಿಂತ ಕೆಳಗಿನ ಹರಿಯುವ ನೀರು ಕೂಡ ಗಾಡಿಯನ್ನು ಸರಿಸಬಲ್ಲದು. ವ್ಯಾನ್ ಭಾರ ಇದೆ ಅಂತ ನಂಬಬೇಡಿ.

ಪ್ರತಿ ಬೆಳಿಗ್ಗೆ ಹೊರಡುವ ಮುನ್ನ ಎರಡು ಕಡೆ ನೋಡಿ. ಹವಾಮಾನಕ್ಕೆ ಮೆಟ್‌ಸರ್ವಿಸ್, ರಸ್ತೆಗೆ ಸರ್ಕಾರದ ಸಾರಿಗೆ ಸಂಸ್ಥೆಯ ಜರ್ನಿ ಪ್ಲ್ಯಾನರ್. ಮಳೆಗಿಂತ ಮೊದಲು ಗಾಳಿಯ ಎಚ್ಚರಿಕೆ ಓದಿ. ಕಾರಿನಲ್ಲಿ ತಿರುಗಿದವರಿಗೆ ಗಾಳಿ ಒಂದು ವಿಷಯವೇ ಅನ್ನಿಸುವುದಿಲ್ಲ. ನೀವು ಓಡಿಸುವ, ಆರು ಜನ ಮಲಗುವ ವ್ಯಾನ್ ಮೂರು ಮೀಟರಿಗಿಂತ ಎತ್ತರ. ಪಕ್ಕದ ಗೋಡೆ ಹಡಗಿನ ಹಾಯಿ ಇದ್ದ ಹಾಗೆ. ಕ್ಯಾಂಟರ್ಬರಿ ಬಯಲಿನಲ್ಲಿ ನಾರ್‌ವೆಸ್ಟರ್ ಎಂಬ ವಾಯವ್ಯದ ಬಿಸಿಗಾಳಿ ಬೀಸುತ್ತದೆ. ಟೆಕಾಪೋ, ಮೌಂಟ್ ಕುಕ್ ಕಡೆಯೂ ಅದು ಬಿಡುವುದಿಲ್ಲ. ಜೋರಾದಾಗ ಎತ್ತರದ ಗಾಡಿಗಳು, ಲಾರಿಗಳು ಮಗುಚುತ್ತವೆ. ಎತ್ತರದ ವಾಹನಗಳಿಗೆ ಎಚ್ಚರಿಕೆ ಕೊಟ್ಟಿದ್ದರೆ ಅಂದು ಹೊರಡಬೇಡಿ. ರಸ್ತೆಯಲ್ಲಿದ್ದಾಗ ಗಾಳಿ ಶುರುವಾದರೆ ವೇಗ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಮರಗಳ ಸಾಲು ಮುಗಿದು ಬಯಲು ತೆರೆದುಕೊಳ್ಳುವಲ್ಲಿ, ಎದುರಿನಿಂದ ದೊಡ್ಡ ಲಾರಿ ದಾಟುವಲ್ಲಿ ಒಮ್ಮೆಗೇ ತಳ್ಳುತ್ತದೆ.

ನಿಂತ ಗಾಡಿಗೂ ಗಾಳಿ ಕಾಟ ಕೊಡುತ್ತದೆ. ಬಾಗಿಲು ತೆರೆದ ಕೂಡಲೇ ಗಾಳಿ ಕಿತ್ತುಕೊಂಡು ಹಿಂದಕ್ಕೆ ಬಡಿಯುತ್ತದೆ, ಕೀಲು ಮುರಿಯುತ್ತದೆ. ನಡುವೆ ಮಕ್ಕಳ ಬೆರಳಿದ್ದರೆ? ಒಂದು ಕೈಯಲ್ಲಿ ಬಾಗಿಲು ಬಿಗಿಯಾಗಿ ಹಿಡಿದೇ ತೆರೆಯಬೇಕು ಅಂತ ಮಕ್ಕಳಿಗೆ ಮೊದಲ ದಿನವೇ ಅಭ್ಯಾಸ ಮಾಡಿಸಿ. ಗಾಡಿ ನಿಲ್ಲಿಸುವಾಗ ಮೂತಿ ಗಾಳಿಯ ಕಡೆಗಿರಲಿ.

ಈಗ ರಸ್ತೆಗೆ ಬರೋಣ. ಇಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುವುದು. ಅಮೆರಿಕದಿಂದ ಬಂದವರಿಗಿರುವ ದೊಡ್ಡ ತಲೆನೋವು ನಿಮಗಿಲ್ಲ. ನಮ್ಮವರ ಕಷ್ಟ ಬೇರೆ. ಹೆದ್ದಾರಿ ಅಂದಾಗ ನಿಮ್ಮ ಮನಸ್ಸಿಗೆ ಬರುವುದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಅಲ್ವಾ? ಇಲ್ಲಿ ಬಹುಪಾಲು ಹೆದ್ದಾರಿ ಹೋಗಲೊಂದು, ಬರಲೊಂದು ಲೇನ್, ನಡುವೆ ಬರೀ ಒಂದು ಗೆರೆ. ಮಿತಿ ಗಂಟೆಗೆ 100. ಎದುರಿನವರೂ 100ರಲ್ಲೇ ಬರುತ್ತಿರುತ್ತಾರೆ. ಆ 100 ಗರಿಷ್ಠ ಮಿತಿ ಅಷ್ಟೇ, ನೀವು ಮುಟ್ಟಲೇಬೇಕಾದ್ದಲ್ಲ. ತುಂಬಿದ ತೂಕ 3,500 ಕಿಲೋ ದಾಟುವ ಗಾಡಿಗೆ ಮಿತಿಯೇ 90. ನಿಮ್ಮ ವ್ಯಾನ್ ಯಾವ ಲೆಕ್ಕಕ್ಕೆ ಬರುತ್ತದೆಂದು ಬಾಡಿಗೆ ಕೊಡುವವರನ್ನು ಕೇಳಿಕೊಳ್ಳಿ. ತಿರುವಿನ ಮುಂಚೆ ಹಳದಿ ಬೋರ್ಡಿನಲ್ಲಿ 35, 45, 65 ಅಂತ ಬರೆದಿರುತ್ತದೆ. ಸುಮ್ನೆ ಬರೆದದ್ದಲ್ಲ ಅದು. ವ್ಯಾನ್‌ನಲ್ಲಿದ್ದಾಗ ಅದಕ್ಕಿಂತಲೂ ಸ್ವಲ್ಪ ಕಡಿಮೆ ಮಾಡಿ.

ನಿಧಾನ ಹೋಗುವುದು ತಪ್ಪಲ್ಲ, ಹಿಂದಿನವರಿಗೆ ದಾರಿ ಬಿಡದಿರುವುದು ತಪ್ಪು. ಕನ್ನಡಿಯಲ್ಲಿ ಎರಡು ಮೂರು ಕಾರು ಸಾಲುಗಟ್ಟಿದರೆ, ಎಡಕ್ಕೆ ಅಗಲವಾದ ಗಟ್ಟಿ ಜಾಗ ಸಿಕ್ಕಲ್ಲಿ ನಿಲ್ಲಿಸಿ ಬಿಟ್ಟುಬಿಡಿ. ಇಲ್ಲದಿದ್ದರೆ ಅವರು ಸಿಟ್ಟಿನಲ್ಲಿ ತಿರುವಿನಲ್ಲೇ ಓವರ್‌ಟೇಕ್ ಮಾಡುತ್ತಾರೆ. ಎದುರಿಗೆ ಗಾಡಿ ಬಂದರೆ ಪೆಟ್ಟು ನಿಮಗೂ ಬೀಳುತ್ತದೆ. ಪ್ರವಾಸಿಗಳ ಓಡಿಸುವ ಪರಿ ಇಷ್ಟವಾಗದಿದ್ದರೆ ಇಲ್ಲಿಯವರು ಫೋನ್ ಮಾಡಿ ಪೊಲೀಸರಿಗೆ ದೂರು ಕೊಡುತ್ತಾರೆ, ಅದಕ್ಕೆಂದೇ ಸ್ಟಾರ್ 555 ಅನ್ನುವ ನಂಬರ್ ಇದೆ. ನಡುಗೆರೆ ನಿಮ್ಮ ಬದಿಗೆ ಹಳದಿ ಆಗಿದ್ದರೆ ಓವರ್‌ಟೇಕ್ ಇಲ್ಲ. ಸ್ಟಾಪ್ ಬೋರ್ಡ್ ಇದ್ದಲ್ಲಿ ರಸ್ತೆ ಖಾಲಿ ಇದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ವೃತ್ತದಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ. ಶಾಲಾ ಬಸ್ಸು ಮಕ್ಕಳನ್ನು ಇಳಿಸಲು ನಿಂತಿದ್ದರೆ ಯಾವ ದಿಕ್ಕಿನಿಂದ ದಾಟಿದರೂ ವೇಗ 20.

ಒಂದೇ ಲೇನಿನ ಸೇತುವೆಗಳ ಬಗ್ಗೆ ಮಾತ್ರ ನಿಧಾನವಾಗಿ ಓದಿ. ಪಶ್ಚಿಮ ಕರಾವಳಿಯಲ್ಲಿ ಅವು ಒಂದರ ಹಿಂದೆ ಒಂದು ಬರುತ್ತವೆ. ನಿಮ್ಮ ಕಡೆ ನೀಲಿ ಚೌಕದ ಬೋರ್ಡಿನಲ್ಲಿ ಮೇಲ್ಮುಖವಾದ ದೊಡ್ಡ ಬಿಳಿ ಬಾಣ ಇದ್ದರೆ ಹಕ್ಕು ನಿಮ್ಮದು. ಕೆಂಪು ಅಂಚಿನ ದುಂಡು ಬೋರ್ಡಿನಲ್ಲಿ ನಿಮ್ಮ ಬಾಣ ಕೆಂಪಾಗಿ ಚಿಕ್ಕದಾಗಿದ್ದರೆ ನೀವು ನಿಂತು ಎದುರಿನವರಿಗೆ ಬಿಡಬೇಕು. ಹಕ್ಕು ನಿಮ್ಮದಾಗಿದ್ದರೂ ಎದುರಿನವರು ಆಗಲೇ ಸೇತುವೆ ಮೇಲಿದ್ದರೆ ಕಾಯಬೇಕು. ಇಲ್ಲೊಂದು ಸೂಕ್ಷ್ಮ ಇದೆ. ನಮ್ಮೂರಲ್ಲಿ ಹೆಡ್‌ಲೈಟ್ ಮಿಟುಕಿಸಿದರೆ ‘ನಾನು ಬರ್ತಿದ್ದೀನಿ, ನೀನು ನಿಲ್ಲು’ ಅಂತ. ಇಲ್ಲಿ ಸಾಮಾನ್ಯವಾಗಿ ‘ನೀವು ಬನ್ನಿ’ ಅಂತ. ಇಬ್ಬರೂ ತಮ್ಮ ತಮ್ಮ ಊರಿನ ಅರ್ಥ ಹಚ್ಚಿದರೆ ಸೇತುವೆ ನಡುವೆ ಮುಖಾಮುಖಿ. ಲೈಟಿನ ಗೋಜಿಗೇ ಹೋಗಬೇಡಿ, ಬೋರ್ಡ್ ಹೇಳಿದ ಹಾಗೆ ಮಾಡಿ.

ಇಳಿಜಾರು ಇನ್ನೊಂದು. ಆರ್ಥರ್ಸ್ ಪಾಸ್‌ನ ಓಟಿರಾ ಕಮರಿ ಕಡಿದಾದ್ದು. ನೀವು ಪಶ್ಚಿಮದಿಂದ ಬರುವುದರಿಂದ ಅಲ್ಲಿ ಹತ್ತುವುದೇ ಜಾಸ್ತಿ. ಎದೆ ಗಟ್ಟಿ ಇಲ್ಲದಿದ್ದರೆ ಸುತ್ತಾದರೂ ಉತ್ತರದ ಲೂಯಿಸ್ ಪಾಸ್ ಹಿಡಿಯಿರಿ, ಅದು ಮೆದು. ಕ್ವೀನ್ಸ್‌ಟೌನ್‌ನಿಂದ ವಾನಕಕ್ಕೆ ನಕ್ಷೆ ನಿಮಗೆ ಕ್ರೌನ್ ರೇಂಜ್ ದಾರಿ ತೋರಿಸುತ್ತದೆ, ಅದು ಹತ್ತಿರ. 1,000 ಮೀಟರಿಗಿಂತ ಎತ್ತರಕ್ಕೆ ಹತ್ತುವ ಹೇರ್‌ಪಿನ್ ರಸ್ತೆ ಅದು. ನೀವು ಕ್ರಾಮ್‌ವೆಲ್ ಮೇಲೆ ಹೋಗಿ. ಚಾರ್ಮಾಡಿ ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ಹೇಳಬೇಕಿಲ್ಲ, ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟರೆ ಅದು ಕಾದು ಹಿಡಿತ ಬಿಡುತ್ತದೆ. ಆಟೋಮ್ಯಾಟಿಕ್ ಗಾಡಿಯಲ್ಲೂ ಕೆಳಗಿನ ಗೇರ್‌ಗೆ ಇಳಿಸಬಹುದು. ಹೇಗೆಂದು ವ್ಯಾನ್ ಪಡೆಯುವಾಗಲೇ ಕೇಳಿ ಕಲಿಯಿರಿ.

ಆಗ ಇನ್ನೂ ಕೆಲವು ಕೇಳಬೇಕು. ಸಾಮಾನ್ಯವಾಗಿ ನಮ್ಮವರು ವ್ಯಾನಿನ ವಿಡಿಯೊ ತೆಗೆಯುತ್ತಾ ನಿಂತಿರುತ್ತಾರೆ, ನಾವು ಹೇಳಿದ್ದು ಕಿವಿಗೆ ಬೀಳುವುದಿಲ್ಲ. ಗಾಡಿಯ ಎತ್ತರ ಎಷ್ಟು? ಅದನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಎದುರು ಅಂಟಿಸಿ. ಮಾಲ್‌ಗಳ ಪಾರ್ಕಿಂಗ್ ಅಡ್ಡಪಟ್ಟಿ, ಪೆಟ್ರೋಲ್ ಬಂಕಿನ ಸೂರು, ಮರದ ಕೊಂಬೆ, ಇವು ಛಾವಣಿ ಕಿತ್ತುಹಾಕುತ್ತವೆ. ವಿಮೆಯ ಸಣ್ಣಕ್ಷರ ಓದಿ. ಅತಿ ದುಬಾರಿ ಪ್ಯಾಕೇಜಿನಲ್ಲೂ ಛಾವಣಿ, ಗಾಡಿಯ ತಳ, ತಪ್ಪು ಇಂಧನ ಹಾಕಿದ್ದು ಇಂಥವನ್ನು ಹೊರಗಿಟ್ಟಿರುವುದುಂಟು. ಹೋಗಬಾರದ ರಸ್ತೆಗಳ ಪಟ್ಟಿಯೂ ಇರುತ್ತದೆ. ಕ್ವೀನ್ಸ್‌ಟೌನ್ ಪಕ್ಕದ ಸ್ಕಿಪ್ಪರ್ಸ್ ಕಣಿವೆ ರಸ್ತೆ ಅದರಲ್ಲಿ ಹೆಸರುವಾಸಿ. ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ನಿಂತು ಕೈ ತೋರಿಸಬೇಕು, ಪ್ರತಿ ಸಲವೂ. ಕ್ಯಾಮೆರಾಗೆ ಮೇಲಿನ ಕೊಂಬೆ ಕಾಣುವುದಿಲ್ಲ.

ಲೈಸೆನ್ಸ್ ವಿಷಯ ಸುಲಭ. ಕರ್ನಾಟಕದ ಸ್ಮಾರ್ಟ್ ಕಾರ್ಡ್ ಲೈಸೆನ್ಸ್‌ನಲ್ಲಿ ವಿವರ ಇಂಗ್ಲಿಷ್‌ನಲ್ಲಿ ಇರುತ್ತದೆ, ಪ್ರವಾಸಿಗಳಿಗೆ ಅದು ನಡೆಯುತ್ತದೆ. ಆದರೂ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ವರ್ಷ ಬಾಳಿಕೆ. ಕೆಲವು ಬಾಡಿಗೆ ಕಂಪನಿಗಳು ಕೇಳುತ್ತವೆ. ಎರಡನ್ನೂ ಜೊತೆಗಿಡಿ. ನಿಮ್ಮ ಹೆಂಡತಿಯೂ ಓಡಿಸುವುದಾದರೆ ಒಪ್ಪಂದದಲ್ಲಿ ಅವರ ಹೆಸರೂ ಇರಲಿ. ಹೆಸರಿಲ್ಲದವರು ಓಡಿಸಿ ಅಪಘಾತವಾದರೆ ವಿಮೆ ಕೈ ಎತ್ತುತ್ತದೆ. ಇಬ್ಬರು ಓಡಿಸುವುದೇ ಒಳ್ಳೆಯದು, ಎರಡು ಗಂಟೆಗೊಮ್ಮೆ ಬದಲಾಯಿಸಿ. ಓಡಿಸುವಾಗ ಫೋನ್ ಕೈಯಲ್ಲಿದ್ದರೆ 150 ನ್ಯೂಜಿಲೆಂಡ್ ಡಾಲರ್ ದಂಡ.

ಇನ್ನೊಂದು ಮಾತು. ವ್ಯಾನ್ ಓಡುವಾಗ ಅಮ್ಮ ಹಿಂದಿನ ಹಾಸಿಗೆಯಲ್ಲಿ ಕಾಲು ಚಾಚಿ ಮಲಗುವುದು, ಹೆಂಡತಿ ಎದ್ದು ಚಿತ್ರಾನ್ನ ಬಡಿಸುವುದು, ಮಕ್ಕಳು ಮೇಜಿನ ಸುತ್ತ ಆಡುವುದು, ಇದ್ಯಾವುದೂ ಕೂಡದು. ನಮ್ಮವರಿಗೆ ರೈಲಿನ ಅಭ್ಯಾಸ, ಮನೆಯಂಥ ಗಾಡಿ ಕಂಡರೆ ಮನೆಯೇ ಅಂದುಕೊಳ್ಳುತ್ತಾರೆ. ಚಕ್ರ ತಿರುಗುತ್ತಿದ್ದಾಗ ಆರೂ ಜನ ಬೆಲ್ಟ್ ಇರುವ ಸೀಟಿನಲ್ಲಿ ಬೆಲ್ಟ್ ಹಾಕಿಯೇ ಕೂರಬೇಕು. 7 ವರ್ಷ ತುಂಬದ ಮಗುವಿಗೆ ಮಕ್ಕಳ ಸೀಟು ಕಾನೂನಿನ ಪ್ರಕಾರ ಕಡ್ಡಾಯ. ಆದರೆ ಎಲ್ಲ ವ್ಯಾನ್‌ನ ಎಲ್ಲ ಸೀಟಿಗೂ ಅದನ್ನು ಕಟ್ಟಲಾಗುವುದಿಲ್ಲ. ಬುಕ್ ಮಾಡುವಾಗಲೇ ವಯಸ್ಸು ಹೇಳಿ, ಎಲ್ಲಿ ಕಟ್ಟುತ್ತಾರೆಂದು ಬರವಣಿಗೆಯಲ್ಲಿ ಕೇಳಿ. 9ರ ಮಗುವಿಗೂ ಬೆಲ್ಟ್ ಕುತ್ತಿಗೆಗೆ ಬರುವ ಹಾಗಿದ್ದರೆ ಬೂಸ್ಟರ್ ತಗೊಳ್ಳಿ. ಹೊರಡುವ ಮುಂಚೆ ಕಪಾಟು, ಫ್ರಿಜ್ ಬಾಗಿಲಿನ ಚಿಲಕ ಹಾಕಿದೆಯಾ ಅಂತ 9ರವನಿಗೋ 9ರವಳಿಗೋ ನೋಡುವ ಕೆಲಸ ಕೊಡಿ. ತಿರುವಿನಲ್ಲಿ ಹಾರಿ ಬರುವ ಕುಕ್ಕರ್ ಸಣ್ಣ ಪೆಟ್ಟು ಕೊಡುವುದಿಲ್ಲ.

ಅಡುಗೆ ಧಾರಾಳವಾಗಿ ಮಾಡಿ, ಒಗ್ಗರಣೆ ಮಾತ್ರ ಹೊರಗೆ. ಇದು ರುಚಿಯ ಮಾತಲ್ಲ. ಸಾಸಿವೆ, ಒಣಮೆಣಸಿನಕಾಯಿ ಸಿಡಿದ ಹೊಗೆಗೆ ಸ್ಮೋಕ್ ಅಲಾರಂ ಕಿರುಚುತ್ತದೆ. ಎರಡನೇ ಸಲ ಕಿರುಚಿದಾಗ ಯಾರೋ ಅದರ ಬ್ಯಾಟರಿ ಕೀಳುತ್ತಾರೆ. ವಾಪಸ್ ಬಂದ ವ್ಯಾನ್‌ಗಳಲ್ಲಿ ಬ್ಯಾಟರಿ ಇಲ್ಲದ ಅಲಾರಂ, ಪ್ಲಾಸ್ಟಿಕ್ ಚೀಲ ಕಟ್ಟಿದ ಅಲಾರಂ ನನಗೆ ಹೊಸದಲ್ಲ. ಅಷ್ಟು ದಿನವೂ ಅವರು ಅಲಾರಂ ಇಲ್ಲದೆ ಮಲಗಿರುತ್ತಾರೆ. ಹಾಲಿಡೇ ಪಾರ್ಕ್‌ಗಳಲ್ಲಿ ಎಲ್ಲರಿಗೂ ಒಂದು ಸಾಮೂಹಿಕ ಅಡುಗೆಮನೆ ಇರುತ್ತದೆ. ಕುಕ್ಕರ್, ಒಗ್ಗರಣೆ, ದೋಸೆ ಎಲ್ಲ ಅಲ್ಲಿ. ವ್ಯಾನ್ ಒಳಗೆ ಹಾಲು ಕಾಯಿಸುವುದು, ಅನ್ನ ಬಿಸಿ ಮಾಡುವುದು, ಅಷ್ಟು ಸಾಕು. ಮಾಡುವಾಗ ಮೇಲಿನ ಕಿಂಡಿ ಮತ್ತು ಒಂದು ಕಿಟಕಿ ತೆರೆದಿರಲಿ.

ರಾತ್ರಿಗೆ ಹೆದರಲೇಬೇಕಾದ ಒಂದು ವಿಷಯವೂ ಇಲ್ಲೇ ಇದೆ, ಅದು ಕಾರ್ಬನ್ ಮಾನಾಕ್ಸೈಡ್. ಏಪ್ರಿಲ್ ರಾತ್ರಿ ಟೆಕಾಪೋ, ಮೌಂಟ್ ಕುಕ್ ಸುತ್ತ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಚಳಿ ತಡೆಯಲಾರದೆ ಗ್ಯಾಸ್ ಒಲೆ ಹಚ್ಚಿಟ್ಟು ಮಲಗಿದವರಿದ್ದಾರೆ. ಮುಚ್ಚಿದ ಜಾಗದಲ್ಲಿ ಉರಿ ಸರಿಯಾಗಿ ಉರಿಯದಿದ್ದರೆ ಈ ವಿಷಗಾಳಿ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ಜೋಂಪು ಬರುತ್ತದೆ, ವಿಮಾನದ ಆಯಾಸ ಅಂದುಕೊಳ್ಳುತ್ತೀರಿ. ನಿದ್ದೆಯಲ್ಲಿದ್ದರೆ ಅದೂ ಗೊತ್ತಾಗದೆ ಪ್ರಾಣ ಹೋಗುತ್ತದೆ. ಇದ್ದಿಲ ಬಾರ್ಬೆಕ್ಯೂ ಆರಿದ ಹಾಗೆ ಕಂಡರೂ ಒಳಗೆ ತರಬೇಡಿ. ಗಾಡಿಯ ಸ್ವಂತ ಹೀಟರ್‌ನ ಹೊಗೆಕೊಳವೆ ಹೊರಗಿರುತ್ತದೆ, ಅದನ್ನು ಬಳಸಬಹುದು. ಕೊಳವೆಗೆ ಹುಲ್ಲು, ಮಣ್ಣು, ಹಿಮ ಅಡ್ಡ ಇರದಂತೆ ನೋಡಿ. ಇನ್ನೂ ಒಳ್ಳೆಯದು, ಕರೆಂಟ್ ಇರುವ ಸೈಟ್ ತಗೊಂಡು ಎಲೆಕ್ಟ್ರಿಕ್ ಹೀಟರ್ ಹಾಕಿ. ಹೀಟರ್, ಕೆಟಲ್, ಇಂಡಕ್ಷನ್ ಮೂರೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹಾರುತ್ತದೆ, ಒಂದಾದ ಮೇಲೆ ಒಂದು. ವ್ಯಾನ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ ಕೇಳಿ. ಹೊಗೆಯ ಅಲಾರಂ ಬೇರೆ, ಇದು ಬೇರೆ. ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಕೊಂಡುಬಿಡಿ.

ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿಯುತ್ತದೆ. ಅದಕ್ಕೇ ವ್ಯಾನ್‌ನ ನೆಲದಲ್ಲಿ ಗಾಳಿಗಂಡಿ ಇರುತ್ತದೆ. ಚಳಿ ಬರುತ್ತದೆಂದು ಅದರ ಮೇಲೆ ಚಾಪೆ, ಚಪ್ಪಲಿ ಹಾಕಬೇಡಿ. ಓಡಿಸುವಾಗ, ಬಂಕಿನಲ್ಲಿ ಸಿಲಿಂಡರ್ ವಾಲ್ವ್ ಮುಚ್ಚಿರಲಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಬಾಗಿಲು ತೆರೆದು ಎಲ್ಲರೂ ಹೊರಗೆ. ಬೆಂಕಿ ಆರಿಸುವ ಡಬ್ಬಿ ಎಲ್ಲಿದೆ, ಹಿಂದಿನ ಕಿಟಕಿ ಒಳಗಿನಿಂದ ಹೇಗೆ ತೆರೆಯುತ್ತದೆ ಅಂತ ಅಪ್ಪ ಅಮ್ಮನಿಗೂ ತೋರಿಸಿ.

ಎಲ್ಲಿ ನಿಲ್ಲಿಸಿ ಮಲಗಬೇಕು? ಸಿಕ್ಕಸಿಕ್ಕಲ್ಲಿ ಮಲಗುವ ಹಾಗಿಲ್ಲ. 2023ರ ಕಾನೂನು ಬಂದ ಮೇಲೆ ಸ್ವಯಂಪೂರ್ಣ ಗಾಡಿ (ನೀರು, ಕೊಳಕು ಎಲ್ಲ ತನ್ನೊಳಗೇ ಇಟ್ಟುಕೊಳ್ಳುವ, ಹಾಗಾಗಿ ಕ್ಯಾಂಪಿನ ಆಚೆಯೂ ತಂಗಬಹುದಾದ ಗಾಡಿ) ಅನ್ನಿಸಿಕೊಳ್ಳಲು ಒಳಗೆ ಸ್ಥಿರವಾಗಿ ಕೂರಿಸಿದ ಟಾಯ್ಲೆಟ್ ಇರಬೇಕು. ಹಸಿರು ಪ್ರಮಾಣಪತ್ರ ಗಾಜಿನ ಮೇಲಿರುತ್ತದೆ. ಅದಿದ್ದರೂ ಆಯಾ ಊರಿನ ಆಡಳಿತ ಬೇಡವೆಂದ ಜಾಗದಲ್ಲಿ ತಂಗಿದರೆ ನೂರಾರು ಡಾಲರ್ ದಂಡ. ನಿಮ್ಮ ಕುಟುಂಬಕ್ಕೆ ನಾನು ಪುಕ್ಕಟೆ ಜಾಗ ಹುಡುಕಿ ಅನ್ನುವುದೇ ಇಲ್ಲ. ಹಾಲಿಡೇ ಪಾರ್ಕ್ ಸಾಕು. ಅಪ್ಪ ರಾತ್ರಿ ಎದ್ದರೆ ಬೆಳಕು ಇರುತ್ತದೆ, ಬಿಸಿನೀರು ಇರುತ್ತದೆ, ಯಾರನ್ನಾದರೂ ಕೂಗಿ ಕರೆಯಬಹುದು. ಅಪ್ಪ ಅಮ್ಮನಿಗೆ ಕೆಳಗಿನ ಹಾಸಿಗೆ. ಡ್ರೈವರ್ ತಲೆ ಮೇಲಿನ ಅಟ್ಟದ ಹಾಸಿಗೆಗೆ 5ರ ಮಗುವನ್ನೂ ಹತ್ತಿಸಬೇಡಿ, ಬೀಳುತ್ತದೆ. ವ್ಯಾನ್‌ನ ಮೆಟ್ಟಿಲು ಎತ್ತರ, ಇಬ್ಬನಿಗೆ ಜಾರುತ್ತದೆ. ಒಂದು ಟಾರ್ಚ್ ಬಾಗಿಲ ಬಳಿ ನೇತುಹಾಕಿ.

ಇನ್ಸುಲಿನ್ ಫ್ರಿಜ್‌ನಲ್ಲಿಡಿ, ಫ್ರೀಜರ್ ಡಬ್ಬಿಗೆ ತಾಗದಂತೆ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ವ್ಯಾನ್‌ನ ಚಿಕ್ಕ ಫ್ರಿಜ್‌ಗಳು ಹಿಂಬದಿಯಲ್ಲಿ ಅತಿಯಾಗಿ ತಂಪಾಗುವುದುಂಟು. ಬಳಕೆಯಲ್ಲಿರುವ ಪೆನ್ ಬ್ಯಾಗಿನಲ್ಲಿರಲಿ, ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬೇಡ. ಡಾಕ್ಟರ ಚೀಟಿ ಇಂಗ್ಲಿಷ್‌ನಲ್ಲಿ ಇರಲಿ, ಔಷಧಿ ಮೂಲ ಪೊಟ್ಟಣದಲ್ಲೇ ಇರಲಿ. ಊಟದ ಹೊತ್ತು ತಪ್ಪಬಹುದಾದ ದಿನಗಳಿವು, ಸಕ್ಕರೆ ಮಿಠಾಯಿ ಅವರ ಜೇಬಿನಲ್ಲೇ ಇರಲಿ.

ಇಲ್ಲಿ ಎಸಿಸಿ ಎಂಬ ಸರ್ಕಾರಿ ವ್ಯವಸ್ಥೆ ಇದೆ. ಅಪಘಾತದಲ್ಲಿ ಗಾಯವಾದರೆ ಪ್ರವಾಸಿಗಳ ಚಿಕಿತ್ಸೆಗೂ ನೆರವಾಗುತ್ತದೆ. ಅದನ್ನು ಕೇಳಿ ಕೆಲವರು ಪ್ರಯಾಣ ವಿಮೆಯನ್ನೇ ಕೈಬಿಡುತ್ತಾರೆ. ಎಸಿಸಿ ಕಾಯಿಲೆಗೆ ಬರುವುದಿಲ್ಲ. ಅಪ್ಪನಿಗೆ ಸಕ್ಕರೆ ಏರುಪೇರಾಗಿ ಆಸ್ಪತ್ರೆ ಸೇರಿದರೆ ಬಿಲ್ಲು ನಿಮ್ಮದೇ. ವಿಮೆ ಮಾಡಿಸಿ, ಮಾಡಿಸುವಾಗ ಕಾಯಿಲೆ ಮುಚ್ಚಿಡಬೇಡಿ. ತುರ್ತಿಗೆ 111. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಮೂರಕ್ಕೂ ಅದೇ. ಆಸ್ಪತ್ರೆಗೆ ಹೋಗಬೇಕೋ ಬೇಡವೋ ಅನ್ನುವ ಅನುಮಾನಕ್ಕೆ ಹೆಲ್ತ್‌ಲೈನ್, 0800 611 116, ದಿನವಿಡೀ ನರ್ಸ್ ಸಿಗುತ್ತಾರೆ. ಹಾಸ್ಟ್ ಸುತ್ತಮುತ್ತ ಮೊಬೈಲ್ ಸತ್ತಿರುತ್ತದೆ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಇಂದು ಎಲ್ಲಿಂದ ಎಲ್ಲಿಗೆ ಅಂತ ಮೈಸೂರಿನಲ್ಲಿರುವ ಯಾರಿಗಾದರೂ ದಿನಾ ಒಂದು ಸಾಲು ಕಳಿಸಿ.

ಭೂಕಂಪದ ಮಾತು ಹೇಳದೆ ಇರಲಾರೆ. ಆಲ್ಪೈನ್ ಫಾಲ್ಟ್ ಎಂಬ ಬಿರುಕು ಫ್ರಾಂಜ್ ಜೋಸೆಫ್ ಊರಿನ ನಡುವೆಯೇ ಹಾದುಹೋಗುತ್ತದೆ. 2016ರ ನವೆಂಬರ್ 14ರಂದು ಕೈಕೋರಾ ಬಳಿ 7.8 ತೀವ್ರತೆಯ ಕಂಪನವಾದಾಗ ಕರಾವಳಿ ಹೆದ್ದಾರಿ ಒಂದು ವರ್ಷಕ್ಕೂ ಜಾಸ್ತಿ ಮುಚ್ಚಿತ್ತು. ಸಮುದ್ರದ ಪಕ್ಕ ತಂಗಿದ್ದಾಗ ನೆಲ ಒಂದು ನಿಮಿಷಕ್ಕಿಂತ ಹೆಚ್ಚು ಅಲುಗಿದರೆ, ಅಥವಾ ನಿಲ್ಲಲಾಗದಷ್ಟು ಜೋರಾಗಿ ಅಲುಗಿದರೆ, ಸೈರನ್‌ಗಾಗಿ ಕಾಯಬೇಡಿ. ಅಲುಗಾಟ ನಿಂತ ಕೂಡಲೇ ಎತ್ತರಕ್ಕೆ ನಡೆಯಿರಿ. ವ್ಯಾನ್ ಬಿಟ್ಟು ಹೋದರೂ ಸರಿ.

ಹಿಮನದಿ ನೋಡುವಾಗ ಹಗ್ಗದ ಈಚೆಯೇ ನಿಲ್ಲಿ. 2009ರ ಜನವರಿಯಲ್ಲಿ ಫಾಕ್ಸ್ ಗ್ಲೇಸಿಯರ್‌ನಲ್ಲಿ ಫೋಟೊಗಾಗಿ ಬೇಲಿ ದಾಟಿದ ಇಬ್ಬರು ಅಣ್ಣತಮ್ಮಂದಿರ ಮೇಲೆ ಹಿಮದ ಗೋಡೆ ಕುಸಿದು ಇಬ್ಬರೂ ಸತ್ತರು. ಸರೋವರಗಳ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ, ಮಕ್ಕಳು ಕಾಲು ಅದ್ದಿದರೆ ಸಾಕು.

ಕೊನೆಗೆ ಉಪ್ಪಿನಕಾಯಿ. ತನ್ನಿ, ಆದರೆ ಘೋಷಿಸಿ. ಬರುವಾಗ ತುಂಬುವ ಪ್ರಯಾಣಿಕರ ಘೋಷಣೆಯಲ್ಲಿ ಆಹಾರ ಇದೆಯಾ ಎಂಬ ಪ್ರಶ್ನೆಗೆ ‘ಹೌದು’ ಅನ್ನಿ, ವಿಮಾನ ನಿಲ್ದಾಣದಲ್ಲಿ ತೆಗೆದು ತೋರಿಸಿ. ಅಧಿಕಾರಿ ಬೇಡವೆಂದದ್ದನ್ನು ಅಲ್ಲೇ ಬಿಡಿ, ಅದಕ್ಕೆ ದಂಡವಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್. ಜೇನುತುಪ್ಪ, ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ತರಲೇಬೇಡಿ. ಮನೆಯ ಭರಣಿಯದ್ದಕ್ಕಿಂತ ಲೇಬಲ್ ಇರುವ ಅಂಗಡಿಯ ಬಾಟಲಿ ಬೇಗ ದಾಟುತ್ತದೆ. ಶೂ ಅಡಿಯಲ್ಲಿ ತೋಟದ ಮಣ್ಣಿದ್ದರೆ ಅದನ್ನೂ ತೊಳೆದು ಬನ್ನಿ, ಅದಕ್ಕೂ ಕೇಳುತ್ತಾರೆ. ಅಕ್ಕಿ, ಬೇಳೆ, ಸಾಂಬಾರ್ ಪುಡಿ ಎಲ್ಲ ಕ್ರೈಸ್ಟ್‌ಚರ್ಚ್‌ನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲ ದಿನ ಊರಲ್ಲೇ ಉಳಿಯಿರಿ ಅಂದೆನಲ್ಲ, ಆ ಮಧ್ಯಾಹ್ನ ಈ ಸಾಮಾನು ತಂದುಬಿಡಿ. ಊರು ದಾಟಿದ ಮೇಲೆ ಅಂಥ ಅಂಗಡಿ ಸಿಗುವುದು ಕಷ್ಟ.